ಎತ್ತರದ ಮರುಭೂಮಿಯಲ್ಲಿ ಹತ್ತು ದಿನ ತಂಗಿದಾಗ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಬರೆಯುವ ಪ್ರವಾಸ ಕಥನಗಳನ್ನು ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಹಲವು ವರ್ಷಗಳಿಂದ ತಪ್ಪದೆ ಓದುತ್ತ ಬಂದಿದ್ದೇನೆ. ಅರಿಜೋನಾ ರಾಜ್ಯದ ಮಾತು ಬಂದಾಗಲೆಲ್ಲ ಆ ಕಥನಗಳು ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ ಒಂದು ಮಧ್ಯಾಹ್ನ ನಿಂತು, ಅಲ್ಲಿಂದ ನೇರವಾಗಿ ಲಾಸ್ ವೇಗಸ್ ಊರಿಗೆ ಹೊರಟುಬಿಡುತ್ತವೆ. ಅದೇ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ಎತ್ತರದ ಮರುಭೂಮಿಯ ಬಗ್ಗೆಯಾಗಲಿ, ಅಲ್ಲಿ ಒಂದೇ ಕಡೆ ಬಿಡಾರ ಹೂಡಿ ಸುತ್ತಲಿನ ಚರಿತ್ರೆಯನ್ನು ನಿಧಾನವಾಗಿ ನೋಡುವ ಅನುಕೂಲದ ಬಗ್ಗೆಯಾಗಲಿ ಕನ್ನಡದಲ್ಲಿ ಒಂದು ಸಾಲನ್ನೂ ನಾನು ಓದಿದ ನೆನಪಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು, ಕಳೆದ ಫೆಬ್ರುವರಿಯಲ್ಲಿ ಪತ್ನಿ, ಮಗ ಮತ್ತು ಸೊಸೆಯೊಂದಿಗೆ ಅಲ್ಲಿ ಹತ್ತು ದಿನ ತಂಗಿದ್ದೆ. ಅಂಥ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ತಂದೆತಾಯಿಯರಿಗೂ, ಅವರನ್ನು ಕರೆದೊಯ್ಯುವ ಮಕ್ಕಳಿಗೂ ಉಪಯೋಗವಾಗಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಮಗನಿರುವುದು ಫೀನಿಕ್ಸ್ ನಗರದ ಪಕ್ಕದಲ್ಲಿ. ಅಲ್ಲಿಂದ ಟೂಸಾನ್ ದಾಟಿ ಪೂರ್ವಕ್ಕೆ ಒಟ್ಟು ಸುಮಾರು 260 ಕಿಲೋಮೀಟರ್ ಹೋದರೆ ಬೆನ್ಸನ್ ಎಂಬ ಚಿಕ್ಕ ಊರು ಸಿಗುತ್ತದೆ. 1880ರಲ್ಲಿ ಸದರ್ನ್ ಪೆಸಿಫಿಕ್ ರೈಲುಮಾರ್ಗ ಬಂದಾಗ ಹುಟ್ಟಿದ ಊರದು. ಇಂದಿಗೂ ರಾತ್ರಿಯೆಲ್ಲ ಉದ್ದುದ್ದದ ಗೂಡ್ಸ್ ರೈಲುಗಳು ಅದರ ನಡುವೆ ಹಾದುಹೋಗುತ್ತವೆ. ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ, ಅಂದರೆ ನಮ್ಮ ಬೆಂಗಳೂರಿಗಿಂತ ಹೆಚ್ಚು, ಮಡಿಕೇರಿಗಿಂತ ತುಸು ಕಡಿಮೆ. ಆದರೆ ಮಡಿಕೇರಿಯ ಮಳೆಯಾಗಲಿ ಹಸಿರಾಗಲಿ ಅಲ್ಲಿಲ್ಲ. ಜಾಲಿಯ ಜಾತಿಗೆ ಹತ್ತಿರವಾದ ಮೆಸ್ಕೀಟ್ ಮರ, ಚಾವಟಿಯಂತೆ ನೆಟ್ಟಗೆ ನಿಂತ ಮುಳ್ಳಿನ ಓಕೋಟಿಯೋ ಗಿಡ, ಕತ್ತಾಳೆಯನ್ನು ಹೋಲುವ ಯುಕ್ಕಾ, ಇವುಗಳ ನಡುವೆ ಒಣ ಹುಲ್ಲು ಮತ್ತು ನುಣ್ಣನೆಯ ಕಂದು ಮಣ್ಣು. ನೆಲ ಎತ್ತರದಲ್ಲಿರುವುದರಿಂದ ಫೀನಿಕ್ಸಿನಷ್ಟು ಸೆಕೆಯಿಲ್ಲ. ಗಾಳಿಯಲ್ಲಿ ತೇವವಿಲ್ಲದ್ದರಿಂದ ಸೂರ್ಯ ಮುಳುಗಿದ ಕೂಡಲೇ ನೆಲ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ಹಗಲು ಒಂದು ಅಂಗಿಯಲ್ಲಿ ಓಡಾಡಿದವರು ರಾತ್ರಿ ಎರಡು ಕಂಬಳಿ ಹೊದೆಯಬೇಕು. ಮರುಭೂಮಿಯೆಂದರೆ ಸುಡುವ ಮರಳು ಎಂದಷ್ಟೇ ತಿಳಿದು ಸ್ವೆಟರನ್ನು ಫೀನಿಕ್ಸಿನಲ್ಲೇ ಬಿಟ್ಟುಹೋದರೆ ತುಂಬ ಕಷ್ಟವಾಗುತ್ತದೆ.

ನಾವು ತಂಗಿದ್ದು ಈ ಊರಿನ ಹೊರವಲಯದ ಒಂದು ಆರ್‌ವಿ ರೆಸಾರ್ಟಿನಲ್ಲಿ. ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಳಗೊಂಡ ಮನೆಯಂಥ ವಾಹನ. ನಮ್ಮಲ್ಲಿ ರೆಸಾರ್ಟ್ ಎಂದರೆ ಕಾಟೇಜುಗಳು, ಊಟೋಪಚಾರ ಎಂಬ ಅರ್ಥ ರೂಢಿಯಲ್ಲಿದೆ. ಅಲ್ಲಿಯದು ಹಾಗಲ್ಲ. ಕಲ್ಲುಪುಡಿ ಹಾಸಿದ ಸಮತಟ್ಟಾದ ಜಾಗವೊಂದನ್ನು ನಮಗೆ ಕೊಡುತ್ತಾರೆ. ಅದರ ಪಕ್ಕದಲ್ಲಿ ಒಂದು ವಿದ್ಯುತ್ ಕಂಬ, ಒಂದು ನಲ್ಲಿ, ನೆಲದಲ್ಲಿ ಒಂದು ಒಳಚರಂಡಿ ಬಾಯಿ ಇರುತ್ತವೆ. ನಮ್ಮ ಗಾಡಿಯನ್ನು ಈ ಮೂರಕ್ಕೂ ಜೋಡಿಸಿಕೊಂಡರೆ ಅದೇ ನಮ್ಮ ಮನೆ. ಬಟ್ಟೆ ಒಗೆಯುವ ಯಂತ್ರಗಳು, ಬಿಸಿನೀರಿನ ಸ್ನಾನದ ಮನೆ, ಪುಸ್ತಕಗಳಿರುವ ಒಂದು ಸಭಾಂಗಣ ಎಲ್ಲರಿಗೂ ಸೇರಿದವು. ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ ಎಂಬ ನಿಯಮವನ್ನು ಅಲ್ಲಿದ್ದವರೆಲ್ಲ ಮನಃಪೂರ್ವಕ ಪಾಲಿಸುತ್ತಿದ್ದರು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಿನೆಸೋಟಾದಂಥ ಉತ್ತರದ ರಾಜ್ಯಗಳಿಂದ, ಕೆನಡಾದಿಂದ ಹಿಮಗಾಲವನ್ನು ತಪ್ಪಿಸಿಕೊಳ್ಳಲು ಬಂದ ನಿವೃತ್ತರು. ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುವ ಇವರನ್ನು ಅಲ್ಲಿ ಸ್ನೋಬರ್ಡ್‌ಗಳೆಂದು ಕರೆಯುತ್ತಾರೆ. ಮೂರು ನಾಲ್ಕು ತಿಂಗಳು ಅಲ್ಲೇ ಇರುವ ಇವರಿಗೆ ಸುತ್ತಲಿನ ಪ್ರತಿಯೊಂದು ಹಾದಿಯೂ ಗೊತ್ತು.

ನಮ್ಮಂಥ ಹಿರಿಯರಿಗೆ ಈ ವ್ಯವಸ್ಥೆ ಏಕೆ ಹೊಂದುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆ ಹೊರುವ ಕಷ್ಟ ಇಲ್ಲಿಲ್ಲ. ನನಗೆ ಸಕ್ಕರೆ ಕಾಯಿಲೆ. ಪತ್ನಿ ಸಸ್ಯಾಹಾರದಲ್ಲಿ ಬಹಳ ಕಟ್ಟುನಿಟ್ಟು. ಆ ಸಣ್ಣ ಊರುಗಳಲ್ಲಿ ನಮಗೆ ಒಗ್ಗುವ ಊಟ ಹುಡುಕುವುದು ಸುಲಭವಲ್ಲ. ಗಾಡಿಯಲ್ಲಿ ಗ್ಯಾಸ್ ಒಲೆಯಿದ್ದುದರಿಂದ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಎಂದೂ ತಪ್ಪಲಿಲ್ಲ. ಆದರೆ ಅಲ್ಲಿಯ ವಿದ್ಯುತ್ತು 120 ವೋಲ್ಟಿನದು, ಆದ್ದರಿಂದ ಊರಿಂದ ಮಿಕ್ಸಿ ಹೊತ್ತೊಯ್ದು ಪ್ರಯೋಜನವಿಲ್ಲ. ಸಾರಿನ ಪುಡಿ, ಚಟ್ನಿಪುಡಿ ಒಯ್ದರೆ ಸಾಕು. ನಮ್ಮ ಗಾಡಿಗೆ ದೊರೆತದ್ದು 30 ಆಂಪಿಯರ್ ಸಂಪರ್ಕ, ಎಂದರೆ ಒಮ್ಮೆಗೆ ಹೆಚ್ಚೆಂದರೆ 3,600 ವ್ಯಾಟ್. ಕೋಣೆಯ ಹೀಟರು ಮತ್ತು ಮೈಕ್ರೋವೇವ್ ಓಡುತ್ತಿರುವಾಗ ಕೆಟಲ್ ಹಾಕಿದರೆ ಫ್ಯೂಸ್ ಹೋಗಿ ಇಡೀ ಮನೆ ಕತ್ತಲಾಗುತ್ತದೆ ಎಂಬುದನ್ನು ಮೊದಲ ಸಂಜೆಯೇ ಕಲಿತೆವು.

ಎರಡನೆಯ ರಾತ್ರಿ ಕಲಿತದ್ದು ಇನ್ನೂ ಮುಖ್ಯ. ನಲ್ಲಿಯಿಂದ ಗಾಡಿಗೆ ಹಾಕಿದ್ದ ಪೈಪನ್ನು ಹಾಗೆಯೇ ಬಿಟ್ಟು ಮಲಗಿದ್ದೆವು. ಬೆಳಿಗ್ಗೆ ಹಲ್ಲುಜ್ಜಲು ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಹೊರಗೆ ಹೋಗಿ ನೋಡಿದರೆ ಪೈಪು ಕೋಲಿನ ಹಾಗೆ ಸೆಟೆದುಕೊಂಡಿತ್ತು. ಬಗ್ಗಿಸಲು ಹೋದರೆ ಒಳಗಿನ ಮಂಜುಗಡ್ಡೆ ಕರಕರ ಎನ್ನುತ್ತಿತ್ತು. ಪಕ್ಕದ ಗಾಡಿಯ ಎಂಬತ್ತರ ಆಸುಪಾಸಿನ ಹಿರಿಯರು ಬಂದು, ಸಂಜೆಯೇ ಒಳಗಿನ ತೊಟ್ಟಿ ತುಂಬಿಸಿಟ್ಟು ಪೈಪನ್ನು ಕಳಚಿ ನೀರು ಬಸಿದಿಡಬೇಕು, ರಾತ್ರಿಯೆಲ್ಲ ತೊಟ್ಟಿಯ ನೀರನ್ನೇ ಪಂಪಿನಿಂದ ಬಳಸಬೇಕು ಎಂದು ತೋರಿಸಿಕೊಟ್ಟರು. ಶೌಚದ ತೊಟ್ಟಿಯನ್ನು ಮೊದಲು ಖಾಲಿ ಮಾಡಿ, ಆಮೇಲೆ ಪಾತ್ರೆ ತೊಳೆದ ಮತ್ತು ಸ್ನಾನದ ನೀರಿನ ತೊಟ್ಟಿಯನ್ನು ಬಿಡಬೇಕು, ಆಗ ಎರಡನೆಯ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ ಎಂದು ಹೇಳಿಕೊಟ್ಟವರೂ ಅವರೇ. ಗಾಡಿಯನ್ನು ನಮಗೆ ಬಾಡಿಗೆಗೆ ಕೊಟ್ಟ ಸಂಸ್ಥೆಯವರು ಇದ್ಯಾವುದನ್ನೂ ಹೇಳಿರಲಿಲ್ಲ. ಅಷ್ಟೇ ಅಲ್ಲ, ಅವರು ಕೊಟ್ಟಿದ್ದ ಮಲಿನ ನೀರಿನ ಕೊಳವೆ ಒಂದು ಕಡೆ ಸೀಳಿತ್ತು, ಮತ್ತು ಅದು ನಮಗೆ ತಿಳಿದದ್ದು ತೊಟ್ಟಿಯ ಕವಾಟ ತೆರೆದ ಮೇಲೆ. ಮಗ ಕೈಗವಸು ಹಾಕಿಕೊಂಡು ಅದನ್ನೆಲ್ಲ ಶುಚಿ ಮಾಡಿ, ಪೇಟೆಗೆ ಹೋಗಿ ಹೊಸ ಕೊಳವೆ ತಂದ. ಹಣ ಹಿಂತಿರುಗಿಸಿ ಎಂದು ಕೇಳಿದ್ದಕ್ಕೆ ಇಂದಿನವರೆಗೆ ಉತ್ತರ ಬಂದಿಲ್ಲ. ಗಾಡಿಯನ್ನು ಒಪ್ಪಿಕೊಳ್ಳುವ ಮುನ್ನ ಪ್ರತಿಯೊಂದು ಕೊಳವೆಯನ್ನೂ ಬಿಚ್ಚಿ ನೋಡಬೇಕು, ಇದ್ದ ಸ್ಥಿತಿಯ ಚಿತ್ರ ತೆಗೆದಿಟ್ಟುಕೊಳ್ಳಬೇಕು ಎಂದು ಒತ್ತಾಯದಿಂದ ಹೇಳುತ್ತೇನೆ.

ಇಷ್ಟೆಲ್ಲ ತಾಪತ್ರಯಪಟ್ಟು ಅಲ್ಲಿ ಏಕೆ ಇರಬೇಕು ಎಂದು ಓದುಗರು ಕೇಳಬಹುದು. ನಮ್ಮ ಗಾಡಿಯ ಬಾಗಿಲು ಪೂರ್ವಕ್ಕಿತ್ತು. ಬಯಲಿನಾಚೆ ಡ್ರಗೂನ್ ಬೆಟ್ಟಗಳ ಸಾಲು. ಪ್ರತಿ ಸಂಜೆ ಆರರ ಹೊತ್ತಿಗೆ ಆ ಬಂಡೆಗಳು ಮೊದಲು ಕೇಸರಿ, ಆಮೇಲೆ ಕೆನ್ನೀಲಿ ಬಣ್ಣಕ್ಕೆ ತಿರುಗುವುದನ್ನು ಮಡಿಸುವ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ನೋಡುತ್ತಿದ್ದೆವು. ಮೊದಲ ಮೂರು ದಿನ ಅದು ನಮಗೆ ಒಂದು ಸೊಗಸಾದ ನೋಟ ಮಾತ್ರವಾಗಿತ್ತು. ನಾಲ್ಕನೆಯ ದಿನ ಫೋರ್ಟ್ ಬೋವಿಗೆ ಹೋಗಿಬಂದ ಮೇಲೆ ಆ ಬೆಟ್ಟವನ್ನು ಮೊದಲಿನ ಹಾಗೆ ನೋಡಲು ಆಗಲಿಲ್ಲ.

ಫೋರ್ಟ್ ಬೋವಿ ಎಂಬ ಸೇನಾ ಠಾಣೆಯ ಅವಶೇಷಗಳಿರುವುದು ಅಪಾಚೆ ಕಣಿವೆಯಲ್ಲಿ. ವಾಹನ ನಿಲ್ಲಿಸಿ ಸುಮಾರು ಎರಡೂವರೆ ಕಿಲೋಮೀಟರ್ ನಡೆದೇ ಹೋಗಬೇಕು, ಬರುವಾಗಲೂ ಅಷ್ಟೇ. ನಿಧಾನವಾಗಿ ನಡೆದರೆ ನಮ್ಮ ವಯಸ್ಸಿನವರಿಗೂ ಕಷ್ಟವಾಗದ ಹಾದಿ. ದಾರಿಯಲ್ಲಿ ಹಳೆಯ ಅಂಚೆಬಂಡಿ ನಿಲ್ದಾಣದ ಅಡಿಪಾಯ, ಒಂದು ಸ್ಮಶಾನ, ಅದರಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಅಪಾಚೆ ಜನರ ಯೋಧ ಜೆರೊನಿಮೋನ ಪುಟ್ಟ ಮಗನ ಸಮಾಧಿ. ಇನ್ನೂ ಮುಂದೆ ಹೋದರೆ ಮರಗಳ ನೆರಳಿನಲ್ಲಿ ಅಪಾಚೆ ಚಿಲುಮೆ. ಚಿಲುಮೆಯೆಂದರೆ ಎಷ್ಟು ನೀರು ಎಂದುಕೊಂಡಿರಿ? ಕಲ್ಲಿನ ಸಂದಿಯಿಂದ ಒಸರಿ, ಎರಡು ಬೊಗಸೆಯಗಲದ ಹೊಂಡದಲ್ಲಿ ನಿಂತು, ಸಣ್ಣ ಕಾಲುವೆಯಾಗಿ ಹರಿದು ಹೋಗುವಷ್ಟು. ಪತ್ನಿ ಬಗ್ಗಿ ನೋಡಿ, ಇಷ್ಟಕ್ಕಾಗಿ ಅಷ್ಟು ಜನ ಸತ್ತರೇ ಎಂದಳು. ನೀರು ಅಪರೂಪವಾದ ಆ ನೆಲದಲ್ಲಿ ವರ್ಷವಿಡೀ ಬತ್ತದ ನೀರಾಗಿದ್ದುದರಿಂದ ಅಂಚೆಬಂಡಿಗಳಿಗೂ ಸೇನೆಗೂ ಅದು ಬೇಕಾಗಿತ್ತು. ಅದಕ್ಕೂ ಬಹಳ ಮೊದಲಿನಿಂದ ಅದು ಚಿರಿಕಾವಾ ಅಪಾಚೆ ಜನರದಾಗಿತ್ತು.

1861ರಲ್ಲಿ ಬ್ಯಾಸ್ಕಮ್ ಎಂಬ ಯುವ ಸೇನಾಧಿಕಾರಿ, ಅಪಾಚೆ ನಾಯಕ ಕೊಚೀಸನ ಮೇಲೆ ಅವನು ಮಾಡದ ಅಪಹರಣದ ಆರೋಪ ಹೊರಿಸಿ, ಅವನನ್ನು ಇದೇ ಕಣಿವೆಯಲ್ಲಿ ಮಾತುಕತೆಗೆ ಕರೆದು ಸೆರೆಹಿಡಿಯಲು ಯತ್ನಿಸಿದ. ಕೊಚೀಸ್ ಡೇರೆಯ ಬಟ್ಟೆ ಸೀಳಿ ತಪ್ಪಿಸಿಕೊಂಡ. ಎರಡೂ ಕಡೆ ಒತ್ತೆಯಾಳುಗಳ ಹತ್ಯೆಯಾಯಿತು. ಕೊಚೀಸನ ತಮ್ಮನನ್ನು ಸೈನಿಕರು ನೇಣಿಗೇರಿಸಿದರು. ಆಗ ಹೊತ್ತಿಕೊಂಡ ಯುದ್ಧ 1872ರವರೆಗೆ ಉರಿಯಿತು. ಆ ವರ್ಷ ಜನರಲ್ ಹೊವಾರ್ಡ್ ಕೊಚೀಸನ ನೆಲೆಗೇ ಹೋಗಿ ಮಾತಾಡಿ ಒಪ್ಪಂದ ಮಾಡಿಕೊಂಡರು. 1874ರಲ್ಲಿ ಕೊಚೀಸ್ ತೀರಿಕೊಂಡಾಗ ಅವನ ಜನ ದೇಹವನ್ನು ಬೆಟ್ಟದ ಬಂಡೆಗಳ ನಡುವೆ ಯಾರಿಗೂ ತಿಳಿಯದಂತೆ ಹೂಳಿದರು. ಆ ಜಾಗ ಇಂದಿಗೂ ಗೊತ್ತಿಲ್ಲ. ಆ ಬೆಟ್ಟವೇ ಡ್ರಗೂನ್. ನಾವು ಮೂರು ಸಂಜೆ ಕಾಫಿ ಲೋಟ ಹಿಡಿದು ನೋಡುತ್ತ ಕುಳಿತಿದ್ದು ಅವನ ಸಮಾಧಿಯನ್ನು. ಅವನು ಸತ್ತ ಎರಡೇ ವರ್ಷಕ್ಕೆ ಒಪ್ಪಂದದ ಮೀಸಲು ನೆಲವನ್ನು ಸರ್ಕಾರ ರದ್ದು ಮಾಡಿತು. 1886ರಲ್ಲಿ ಜೆರೊನಿಮೋ ಶರಣಾದಾಗ ಚಿರಿಕಾವಾ ಜನರನ್ನು ರೈಲಿಗೆ ಹತ್ತಿಸಿ, ಯುದ್ಧಕೈದಿಗಳೆಂದು ಫ್ಲಾರಿಡಾಕ್ಕೆ ಸಾಗಿಸಲಾಯಿತು. ಸೇನೆಗೆ ದಾರಿ ತೋರಿಸಿ ದುಡಿದಿದ್ದ ಅಪಾಚೆ ಸ್ಕೌಟುಗಳನ್ನೂ ಬಿಡಲಿಲ್ಲ. ಆ ಜನರಿಗೆ ಬಿಡುಗಡೆಯಾದದ್ದು 1913ರಲ್ಲಿ, ಇಪ್ಪತ್ತೇಳು ವರ್ಷಗಳ ನಂತರ. ಜೆರೊನಿಮೋ 1909ರಲ್ಲಿ ಒಕ್ಲಹೋಮಾದಲ್ಲಿ ಕೈದಿಯಾಗಿಯೇ ಸತ್ತ. ಈ ಸಂಗತಿಗಳನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಆದರೆ ಆ ದಿನ ಸಂಜೆ ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತಾಗ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಒಂದೇ ದಿನದಲ್ಲಿ ಎಲ್ಲ ನೋಡಿ ನಗರಕ್ಕೆ ಹಿಂದಿರುಗಿದ್ದರೆ ಈ ಸಂಜೆ ನಮಗೆ ದಕ್ಕುತ್ತಿರಲಿಲ್ಲ.

ಟೂಮ್‌ಸ್ಟೋನ್ ಊರು ಬೆನ್ಸನ್ನಿನಿಂದ ದಕ್ಷಿಣಕ್ಕೆ ನಲವತ್ತು ಕಿಲೋಮೀಟರಿನೊಳಗಿದೆ. ಎಡ್ ಶೀಫಲಿನ್ ಎಂಬಾತ 1877ರಲ್ಲಿ ಅದಿರು ಹುಡುಕಲು ಹೊರಟಾಗ, ಅಲ್ಲಿ ನಿನಗೆ ಸಿಗುವುದು ನಿನ್ನ ಗೋರಿಕಲ್ಲು ಮಾತ್ರ ಎಂದು ಸೈನಿಕರು ಹೇಳಿದರಂತೆ. ಬೆಳ್ಳಿ ಸಿಕ್ಕಾಗ ಆತ ಗೋರಿಕಲ್ಲು ಎಂಬ ಅದೇ ಹೆಸರನ್ನಿಟ್ಟ. 1881ರ ಅಕ್ಟೋಬರ್ 26ರಂದು ಕಾನೂನುಪಾಲಕರಾದ ಅರ್ಪ್ ಸಹೋದರರು ಮತ್ತು ಅವರ ಗೆಳೆಯ ಡಾಕ್ ಹಾಲಿಡೇ ಒಂದು ಕಡೆ, ಕ್ಲಾಂಟನ್ ಮತ್ತು ಮೆಕ್‌ಲೌರಿ ಮನೆತನದವರು ಇನ್ನೊಂದು ಕಡೆ ನಿಂತು ನಡೆದ, ಅರ್ಧ ನಿಮಿಷದಲ್ಲಿ ಮೂವರನ್ನು ಬಲಿತೆಗೆದುಕೊಂಡ ಗುಂಡಿನ ಕಾಳಗಕ್ಕೆ ಈ ಊರು ಪ್ರಸಿದ್ಧ. ಕಾಳಗವನ್ನು ಪ್ರತಿದಿನ ನಟಿಸಿ ತೋರಿಸುತ್ತಾರೆ. ಜನಜಂಗುಳಿ ಅಲ್ಲೇ ಸೇರುತ್ತದೆ. ಆದರೆ ಅದು ನಡೆದದ್ದು ಹೆಸರು ಪಡೆದ ಓ.ಕೆ. ಕೊರಾಲ್ ಎಂಬ ಕುದುರೆ ಕೊಟ್ಟಿಗೆಯಲ್ಲಲ್ಲ, ಅದರ ಹಿಂದಿನ ಬೀದಿಯಲ್ಲಿ, ಒಂದು ಫೋಟೋ ಸ್ಟುಡಿಯೋ ಪಕ್ಕದ ಖಾಲಿ ನಿವೇಶನದಲ್ಲಿ. ಪತ್ರಿಕೆಯ ಸಂಪಾದಕರಾದ ತಮಗೆ ಆಸಕ್ತಿಯೆನಿಸಬಹುದಾದ ಸಂಗತಿ ಬೇರೊಂದಿದೆ. ಆ ಸಣ್ಣ ಊರಿನಲ್ಲಿ ಆಗ ಎರಡು ಪತ್ರಿಕೆಗಳಿದ್ದವು. 1880ರಲ್ಲಿ ಜಾನ್ ಕ್ಲಮ್ ಆರಂಭಿಸಿದ ಎಪಿಟಾಫ್ ಪತ್ರಿಕೆ ಅರ್ಪ್ ಸಹೋದರರ ಪರ ಬರೆದರೆ, ಎದುರಾಳಿ ನಗೆಟ್ ಪತ್ರಿಕೆ ಸತ್ತವರ ಕಡೆಗೆ ಒಲಿದಿತ್ತು. ಎಪಿಟಾಫಿನ ಹಳೆಯ ಮುದ್ರಣಾಲಯದಲ್ಲಿ ಅಂದಿನ ವರದಿಯ ಮರುಮುದ್ರಣ ಸಿಗುತ್ತದೆ. ಬೀದಿಯ ನಾಟಕಕ್ಕಿಂತ ಅದನ್ನು ಓದಿಕೊಂಡು 1882ರ ನ್ಯಾಯಾಲಯ ಕಟ್ಟಡದ ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆ ಕಳೆಯುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಲಾಭದಾಯಕ.

ಅಲ್ಲಿಂದ ಮತ್ತೂ ಅಷ್ಟೇ ದೂರ ದಕ್ಷಿಣಕ್ಕೆ, ಬೆಟ್ಟದ ಸುರಂಗ ದಾಟಿದರೆ ಬಿಸ್ಬೀ. ತಾಮ್ರದ ಊರು. ಕಡಿದಾದ ಕಣಿವೆಯ ಎರಡು ಪಕ್ಕಗಳಿಗೆ ಮನೆಗಳು ಅಂಟಿಕೊಂಡಿವೆ, ಬೀದಿಗಳು ಬಹಳ ಇಕ್ಕಟ್ಟು. ದೊಡ್ಡ ಗಾಡಿಯನ್ನು ಅಲ್ಲಿಗೆ ಒಯ್ಯಲೇಬಾರದು. ಸೊಸೆ ತಮ್ಮ ಕಾರನ್ನು ಬೇರೆಯಾಗಿ ಓಡಿಸಿಕೊಂಡು ಬಂದಿದ್ದರಿಂದ ನಮಗೆ ತೊಂದರೆಯಾಗಲಿಲ್ಲ.

ಬಿಸ್ಬೀಯ ಬಗ್ಗೆ ಬರೆಯುವಾಗ ನಮ್ಮ ಮನೆಯ ವಿಷಯವನ್ನೂ ಹೇಳಬೇಕಾಗುತ್ತದೆ. ನನ್ನ ಮಾವನವರು ಕೋಲಾರ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫಿನಲ್ಲಿ, ದುಡಿದವರು. ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿ ಕೆಲಸಕ್ಕೆ ಕೈಹಾಕಿದ 1880ರಲ್ಲೇ ಬಿಸ್ಬೀ ಕೂಡ ಹುಟ್ಟಿತು. ಅಲ್ಲಿ ಗಣಿಗಾರಿಕೆ ನಿಂತದ್ದು 1975ರಲ್ಲಿ. ಮರುವರ್ಷವೇ ಕ್ವೀನ್ ಗಣಿಯನ್ನು ಜನ ನೋಡಲು ತೆರೆದು, ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರನ್ನೇ ಮಾರ್ಗದರ್ಶಕರನ್ನಾಗಿ ಮಾಡಿದರು. ಹೆಲ್ಮೆಟ್, ದೀಪ, ಹಳದಿ ಮೇಲಂಗಿ ಕೊಟ್ಟು, ಸಣ್ಣ ರೈಲಿನ ಮೇಲೆ ಎರಡೂ ಕಡೆ ಕಾಲು ಚಾಚಿ ಕೂರಿಸಿ ಬೆಟ್ಟದೊಳಕ್ಕೆ ಒಯ್ಯುತ್ತಾರೆ. ಒಳಗೆ ವರ್ಷವಿಡೀ ಎಂಟು ಡಿಗ್ರಿ ಸೆಲ್ಸಿಯಸ್ ಚಳಿ. ಮಾರ್ಗದರ್ಶಕರು ಕಲ್ಲಿಗೆ ರಂಧ್ರ ಕೊರೆದು ಮದ್ದು ತುಂಬುವ ಕ್ರಮವನ್ನು ಹೇಳುತ್ತಿದ್ದಾಗ ಪತ್ನಿ ನನ್ನ ತೋಳು ಹಿಡಿದು, "ನಮ್ಮಪ್ಪ ಯಾವಾಗಲೂ ಒಳಗಿನ ಸೆಕೆಯ ಮಾತೇ ಆಡ್ತಿದ್ರು, ಕಲ್ಲು ಮುಟ್ಟಿದರೆ ಸುಡ್ತದೆ ಅಂತ. ಇಲ್ಲಿ ನೋಡ್ರೀ, ಕಲ್ಲು ತಣ್ಣಗಿದೆ" ಎಂದು ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, 2001ರ ಫೆಬ್ರುವರಿ 28ರಂದು ಮುಚ್ಚಿತು ಎಂದು ಮಗ ಮಾರ್ಗದರ್ಶಕರಿಗೆ ತಿಳಿಸಿದಾಗ, ಅವರು ಆ ಆಳವನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ಪತ್ನಿಗೆ ಹೆಲ್ಮೆಟ್ ಮುಟ್ಟಿ ನಮಸ್ಕರಿಸಿದರು. ಮಾವನವರ ಊರಿನಲ್ಲಿ ಅವರ ಮೊಮ್ಮಗನಿಗೆ ಅಜ್ಜ ಇಳಿದ ಜಾಗವನ್ನು ಹೀಗೆ ತೋರಿಸಲು ಇಂದಿಗೂ ಸಾಧ್ಯವಾಗಿಲ್ಲ ಎಂಬ ನೋವು ನಮಗಿದೆ.

ಅದೇ ಊರಿನ ಗಣಿ ವಸ್ತುಸಂಗ್ರಹಾಲಯ ಗಣಿ ಕಂಪನಿಯ ಹಳೆಯ ಕಚೇರಿಯಲ್ಲೇ ಇದೆ. 1917ರ ಜುಲೈ 12ರಂದು, ಮುಷ್ಕರ ಹೂಡಿದ ಸುಮಾರು 1,200 ಕಾರ್ಮಿಕರನ್ನು ಬಂದೂಕು ಹಿಡಿದ ಎರಡು ಸಾವಿರದಷ್ಟು ಜನ ಬೆಳಗಿನ ಜಾವ ಮನೆಮನೆಯಿಂದ ಎಳೆತಂದು, ಬೇಸ್‌ಬಾಲ್ ಮೈದಾನದಲ್ಲಿ ಕೂಡಿಹಾಕಿ, 23 ದನ ಸಾಗಿಸುವ ಡಬ್ಬಿಗಳಲ್ಲಿ ತುಂಬಿ ನ್ಯೂಮೆಕ್ಸಿಕೋ ಮರುಭೂಮಿಗೆ ಕೊಂಡೊಯ್ದು ಬಿಟ್ಟರು. ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗ ಇದನ್ನು ಕಾನೂನುಬಾಹಿರವೆಂದಿತು. ಆದರೂ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಸಾಲುಗಟ್ಟಿ ನಡೆಯುತ್ತಿರುವ ಆ ಕಾರ್ಮಿಕರ ಛಾಯಾಚಿತ್ರಗಳಲ್ಲಿ ಹಲವರು ಟೋಪಿಯನ್ನೂ ತೆಗೆದಿಲ್ಲ, ಸಂಜೆಗೆ ಮನೆಗೆ ಮರಳುವವರಂತೆ ಕಾಣುತ್ತಾರೆ. ಆ ಚಿತ್ರಗಳ ಮುಂದೆ ನಿಂತು ನೋಡಲು ದಯವಿಟ್ಟು ಸಮಯವಿಟ್ಟುಕೊಳ್ಳಿ.

ಬೆನ್ಸನ್ನಿನ ಸಮೀಪದ ಕಾರ್ಟ್‌ನರ್ ಸುಣ್ಣದಕಲ್ಲಿನ ಗುಹೆಯನ್ನೂ ಬಿಡಬಾರದು. ಇಬ್ಬರು ಯುವಕರು 1974ರಲ್ಲಿ ಅದನ್ನು ಕಂಡುಹಿಡಿದು, ಹಾಳಾಗಬಾರದೆಂದು 1988ರವರೆಗೆ ಗುಟ್ಟಾಗಿಟ್ಟರು. ರಾಜ್ಯ ಸರ್ಕಾರ ಅದನ್ನು ಕೊಂಡು, ಒಳಗಿನ ತೇವ ಆರದಂತೆ ಒಂದರ ಹಿಂದೊಂದು ಬಾಗಿಲುಗಳನ್ನು ಕೂರಿಸಿ, 1999ರಲ್ಲಿ ತೆರೆಯಿತು. ಕ್ಯಾಮೆರಾಕ್ಕೆ ಒಳಗೆ ಅವಕಾಶವಿಲ್ಲ. ಕೈಯಲ್ಲಿ ಫೋನಿಲ್ಲದೆ ನಲವತ್ತು ಕಣ್ಣುಗಳು ಒಟ್ಟಿಗೆ ಒಂದು ಕಲ್ಲಿನ ಕಂಬವನ್ನು ನೋಡುತ್ತಿದ್ದುದನ್ನು ನಾನು ಬಹಳ ವರ್ಷಗಳ ಮೇಲೆ ಕಂಡೆ.

ತಮ್ಮ ಪುರವಣಿಯಲ್ಲಿ ಮುಂದಿನ ಬಾರಿ ಅಮೆರಿಕದ ಪ್ರವಾಸ ಕಥನ ಪ್ರಕಟಿಸುವಾಗ, ಲೇಖಕರು ಎಲ್ಲಿ ತಂಗಿದ್ದರು, ಎಷ್ಟು ದಿನ ಇದ್ದರು, ಅಡುಗೆ ನೀರು ಹೇಗಿತ್ತು ಎಂಬುದನ್ನೂ ಕೇಳಿ ಬರೆಸಬೇಕೆಂದು ವಿನಂತಿಸುತ್ತೇನೆ. ಈ ಚಳಿಗಾಲದಲ್ಲಿ ಹೊರಡುವವರಿಗೆ ಎರಡು ಮಾತು. ಜನವರಿಯಿಂದ ಮಾರ್ಚಿಯವರೆಗೆ ಈ ರೆಸಾರ್ಟುಗಳು ತುಂಬಿರುತ್ತವೆ, ಕೆಲವು ಕಡೆ 55 ವರ್ಷ ಮೀರಿದವರಿಗೆ ಮಾತ್ರ ಪ್ರವೇಶ. ಆದ್ದರಿಂದ ಜಾಗವನ್ನೂ ಗುಹೆಯ ಟಿಕೆಟನ್ನೂ ಮುಂಗಡವಾಗಿ ಕಾಯ್ದಿರಿಸಬೇಕು. ಮೆಕ್ಸಿಕೋ ಗಡಿ ಹತ್ತಿರವಿರುವುದರಿಂದ ಹೆದ್ದಾರಿಗಳಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆಗಳಿವೆ. ಪಾಸ್‌ಪೋರ್ಟನ್ನು ಫೀನಿಕ್ಸಿನ ಮನೆಯ ಬೀರುವಿನಲ್ಲಿಟ್ಟು ಹೋಗದೆ ಸದಾ ಜೊತೆಗಿಟ್ಟುಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ,
ಬಂಗಾರಪೇಟೆ